ಕೂಸಿಲ್ಲದ ಬಾಣಂತನ

ಕೊಪ್ಪಳದ ಆಸ್ಪತ್ರೆಯಿಂದ ನಾನು ಬರಿಗೈಲಿ ಮನೆಗೆ ಬಂದೆ. ದಿನ ತುಂಬಿದ್ದ ಹೆಣ್ಣುಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಬಟ್ಟೆಯಲ್ಲಿ ಸುತ್ತಿ ಒಮ್ಮೆ ತೋರಿಸಿದರು. ತಲೆ ತುಂಬ ಕೂದಲಿತ್ತು. ಗಂಡ ಅದನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದು, ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು.

ನನಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನ ಹಿಟ್ನಾಳದ ಹತ್ತಿರದ ಗಂಡನ ಮನೆಯಲ್ಲೇ ಎಂದು ಮೊದಲೇ ಮಾತಾಗಿತ್ತು. ಅತ್ತೆ ತಿಂಗಳ ಹಿಂದೆಯೇ ಕಡಲೆಹಿಟ್ಟು ಬೀಸಿಸಿ, ಅರಿಶಿನ ಕುಟ್ಟಿ, ಎಣ್ಣೆ, ಲೋಬಾನ ಎಲ್ಲ ತಂದಿಟ್ಟಿದ್ದರು. ಇನ್ನು ಅವೆಲ್ಲ ಯಾತಕ್ಕೆ, ಅಟ್ಟಕ್ಕೆ ಹಾಕಿರುತ್ತಾರೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ಬಂದು ನನ್ನ ಹೊದಿಕೆ ಸರಿಸಿದರು.

"ಏಳವ್ವಾ, ನೀರು ಕಾದಾವು."

"ಯಾಕ್ರಿ ಅತ್ತಿ? ಯಾರ ಸಲುವಾಗಿ?"

"ನಿನ್ನ ಸಲುವಾಗಿ. ಕೂಸು ಇಲ್ಲಂದ್ರೂ ನೀ ಹಡದಾಕಿ ಹೌದಿಲ್ಲ? ಮೈ ಹಸಿ ಐತಿ."

ಬಚ್ಚಲಲ್ಲಿ ಕೂರಿಸಿ ನೆತ್ತಿಯಿಂದ ಪಾದದವರೆಗೆ ಬೆಚ್ಚನೆಯ ಎಣ್ಣೆ ತಿಕ್ಕಿದರು. ಹೊಟ್ಟೆ ಮುಟ್ಟುವಾಗ ಮಾತ್ರ ಅವರ ಕೈ ತುಸು ತಡೆಯಿತು. ಆಮೇಲೆ ಅರಿಶಿನ ಕಲಸಿದ ಹಿಟ್ಟು ಹಚ್ಚಿ ಎಣ್ಣೆ ತೆಗೆದು, ಮೈಮೇಲೆ ನೀರು ಹಾಕತೊಡಗಿದರು. ನನಗೆ ಅಳು ಬಂತು. ಅದು ಹೊರಗೆ ಕೇಳಬಾರದೆಂದೋ ಏನೋ, ಅಳು ನಿಲ್ಲುವತನಕ ನೀರು ಸುರಿಯುತ್ತಲೇ ಇದ್ದರು.

ಎರಡು ದಿನಕ್ಕೆ ಎದೆ ಕಲ್ಲಿನಂತಾಯಿತು. ಹಾಲು ಜಿನುಗಿ ಕುಬುಸವೆಲ್ಲ ಒದ್ದೆ. ನಾವು ಖಾಲಾ ಎಂದು ಕರೆಯುವ, ಬಟ್ಟೆ ಹೊಲಿಯುವ ಪಕ್ಕದ ಮನೆಯವರು ತಮ್ಮ ಅಂಗಳದ ಮಲ್ಲಿಗೆ ಬಿಡಿಸಿ ತಂದರು.

"ಎದಿಗೆ ಇಟ್ಟು ಕಟ್ಟಿಕೋ ಬೇಟಾ, ಹಾಲು ಇಳೀತೈತಿ," ಎಂದು ತಾವೇ ಬಟ್ಟೆ ಸುತ್ತಿ ಗಂಟು ಹಾಕಿದರು. ಸಂಜೆಗೆ ಹೂವೆಲ್ಲ ಬಾಡಿ ಕಂದಿ ಮೈಗೆ ಅಂಟಿದ್ದವು. ನಿಧಾನಕ್ಕೆ ಹಾಲು ಬತ್ತಿತು. ನೋವು ಕಡಿಮೆಯಾದ ದಿನವೇ ನಾನು ಹೆಚ್ಚು ಅತ್ತದ್ದು.

ಆ ವಾರ ಯಲಬುರ್ಗಾದಿಂದ ಮಾವನವರ ಅಕ್ಕ ಮಾತಾಡಿಸಲು ಬಂದರು. ಬಚ್ಚಲ ಒಲೆ ಉರಿಯುವುದನ್ನೂ, ಬುಟ್ಟಿಯ ಕೆಳಗೆ ಲೋಬಾನದ ಹೊಗೆ ಹಾಕಿ ನನ್ನ ಕೂದಲು ಆರಿಸುತ್ತಿರುವುದನ್ನೂ ಕಂಡು ಅವರಿಗೆ ಸರಿಬರಲಿಲ್ಲ.

"ಸತ್ತ ಕೂಸಿಗೆ ಬಾಣಂತನ ಎಲ್ಯಾರ ಕೇಳಿವೇನು? ಮಂದಿ ನಗ್ತಾರ."

ಅತ್ತೆ ಹಿಟ್ಟು ಕಲಸುತ್ತಿದ್ದರು. ತಲೆ ಎತ್ತಲಿಲ್ಲ.

"ನನಗ ಎರಡು ಹೋದ್ವು ಅಕ್ಕಾರ. ನಿಮಗ ಗೊತ್ತೈತಿ. ಅವತ್ತು ಯಾರೂ ಒಂದು ತಂಬಿಗಿ ಬಿಸಿನೀರು ಹಾಕಲಿಲ್ಲ. ಹಸಿ ಮೈಲೇ ಕಳೆ ತೆಗ್ಯಾಕ ಹೋದೆ. ನಗೋರು ನಗವಲ್ರ್ಯಾಕ."

ಪಡಸಾಲೆಯಲ್ಲಿದ್ದ ನನ್ನ ಗಂಡ ಎದ್ದು ಬಾಗಿಲಿಗೆ ಬಂದು ನಿಂತರು. ತನಗಿಂತ ಮೊದಲು ಎರಡು ಕೂಸುಗಳಿದ್ದವೆಂದು ಅವರಿಗೆ ಅಂದೇ ತಿಳಿದದ್ದು. ಬಂದವರು ಚಹಾ ಅರ್ಧಕ್ಕೇ ಬಿಟ್ಟು ಹೊರಟರು.

ಬಾಣಂತನ ಮುಗಿದ ಮೇಲೆ ಒಂದು ಭಾನುವಾರ ಎಣ್ಣೆಬಟ್ಟಲು ಅತ್ತೆಯ ಕೈಯಿಂದ ತೆಗೆದುಕೊಂಡೆ. ಬೇಡ ಬೇಡ ಎನ್ನುತ್ತಲೇ ಬೆನ್ನು ತಿರುಗಿಸಿ ಕುಳಿತರು. ತಿಕ್ಕುತ್ತಾ ಕೇಳಿದೆ:

"ಆ ಎರಡು ಕೂಸು ಗಂಡೋ ಹೆಣ್ಣೋ, ಅತ್ತಿ?"

ಮೊಣಕಾಲಿಗೆ ಇಳಿದಿದ್ದ ಎಣ್ಣೆಯನ್ನು ಅಂಗೈಯಿಂದ ಒರೆಸಿಕೊಂಡರು.

"ಒಂದು ಹೆಣ್ಣು. ಇನ್ನೊಂದು ನನಗ ತೋರಿಸ್ಲಿಲ್ಲ."

ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು ಬೆನ್ನು ತಿಕ್ಕಿದೆ. ಮುಂದೆ ನನಗೆ ಮಕ್ಕಳಾಗಲಿಲ್ಲ. ಗಂಗಾವತಿ, ಹೊಸಪೇಟೆ ಎಂದು ಆಸ್ಪತ್ರೆಗಳಿಗೆ ತಿರುಗಿ ದಣಿದು, ನಾನೂ ನನ್ನ ಗಂಡನೂ ಆ ಮಾತು ಎತ್ತುವುದನ್ನೇ ಬಿಟ್ಟೆವು. ಅತ್ತೆಗೆ ಈಗ ಕಣ್ಣು ಮಂಜು. ನಾನು ಮೀಯಿಸಿ ಕೂದಲು ಬಾಚುವಾಗ ಕೆಲವೊಮ್ಮೆ ಅವರು ನನ್ನ ಕೈ ಹಿಡಿದು, ಹಾಗೇ ಕುಳಿತುಬಿಡುತ್ತಾರೆ.