ಸಮ್ಮಟಿಯ ಹಲ್ಲಚ್ಚು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ ಒಂದೇ ಕಿಟಕಿಯ ಕೋಣೆ. ಇಪ್ಪತ್ತಾರು ವರ್ಷಗಳಿಂದ ಆಕೆ ಅಲ್ಲಿ ಕೂತು, ಜನರ ಬಾಯಿಯಿಂದ ತೆಗೆದ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಕಟ್ಟುಹಲ್ಲು ಮಾಡುತ್ತಿದ್ದಳು. ಬೀದಿಗೆಲ್ಲ ಅವಳು ಹಲ್ಲಕ್ಕ. ಸ್ವಂತ ಹೆಸರು ಹೇಳಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಿದ್ದ. ಅವಳಿಗೂ ಅಷ್ಟೇ, ಜನರ ಮುಖಕ್ಕಿಂತ ಹಲ್ಲೇ ಹೆಚ್ಚು ನೆನಪು. "ಯಾವ ಮೇಷ್ಟ್ರು? ಎಡಗಡೆ ಕೋರೆಹಲ್ಲು ಸೊಟ್ಟ ಇದೆಯಲ್ಲ, ಅವರಾ?" ಎಂದು ಕೇಳಿ ನಗಿಸುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಮಗಳು-ಅಳಿಯನ ಮನೆಯಲ್ಲಿ ಇದ್ದಳು. ಅಳಿಯ ಬಸ್ ಡ್ರೈವರ್. ಕುಡಿತ ಇಲ್ಲ, ಜೂಜಿಲ್ಲ, ಅತ್ತೆಗೆ ಎದುರು ಮಾತಾಡಿದವನಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು: ಸಮ್ಮಟಿ. ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್‌ಗೆ ಅಭಿಮಾನಿಗಳು ಇಟ್ಟ ಹೆಸರು ಅದು. ಅವನ ಎದುರು ನಿಂತವರಲ್ಲಿ ನಾಲ್ಕನೇ ಸುತ್ತು ಕಂಡವರು ಇಬ್ಬರೇ ಅಂತೆ. ಅಳಿಯನೂ ಗೆಳೆಯರೂ ಸೇರಿ ಹನ್ನೊಂದು ಜನರ ಅಭಿಮಾನಿ ಸಂಘ ಕಟ್ಟಿಕೊಂಡಿದ್ದರು. ಮನೆಯ ಗೋಡೆಯ ತುಂಬ ಸಮ್ಮಟಿಯ ಚಿತ್ರಗಳು. "ಮದುವೆ ಫೋಟೋ ಹಾಕೋಕೆ ಒಂದು ಮೊಳೆ ಜಾಗ ಬಿಡ್ರೀ" ಎಂದು ಮಗಳು ಗೊಣಗುತ್ತಿದ್ದಳು.

ಅಂಥ ಸಮ್ಮಟಿ ಒಂದು ಪಂದ್ಯಕ್ಕಾಗಿ ಆ ಊರಿಗೇ ಬಂದ. ವಿಮಾನದಲ್ಲಿ ಅವನದೊಂದು ಚೀಲ ಕಳೆದುಹೋಯಿತು. ಹೊಡೆತ ಬಿದ್ದಾಗ ಹಲ್ಲು ಉಳಿಯಲೆಂದು ಬಾಯೊಳಗೆ ಹಾಕಿಕೊಳ್ಳುವ ಗಾರ್ಡು ಅದರಲ್ಲಿತ್ತು. ಪಂದ್ಯಕ್ಕೆ ಹನ್ನೆರಡು ದಿನವಷ್ಟೇ ಉಳಿದಿತ್ತು. ಹೊಸದು ಮಾಡಿಕೊಡಬೇಕೆಂದು ಡಾಕ್ಟರಿಗೆ ಫೋನ್ ಬಂತು. ಡಾಕ್ಟರು ಹಲ್ಲಕ್ಕನಿಗೆ ಹೇಳಿದರು, ಹಲ್ಲಕ್ಕ ಮನೆಯಲ್ಲಿ ಬಾಯಿ ಬಿಟ್ಟಳು. ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಕ್ಲಿನಿಕ್ಕಿನ ಮುಂದೆ ಇಡೀ ಸಂಘ ಹಾಜರು. ಅಳಿಯನ ಕೈಯಲ್ಲಿ ಹೂಗುಚ್ಛ. ಹಿಂದೆ ಇನ್ನೂರು ಜನ.

ಹಲ್ಲಕ್ಕ ಮುಂದಿನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದಳು. ಕಾರು ನಿಂತಾಗ ಜೈಕಾರ ಮುಗಿಲು ಮುಟ್ಟಿತ್ತು. ಬಾಗಿಲು ತೆರೆಯಿತು, ಅವನು ಇಳಿದ. ಜೈಕಾರ ನಿಂತುಹೋಯಿತು. ಕ್ರಮೇಣ ಅಲ್ಲ, ಯಾರೋ ಕತ್ತರಿ ಹಾಕಿದ ಹಾಗೆ. ಅವನು ಹತ್ತು ಹೆಜ್ಜೆ ನಡೆದು ಒಳಗೆ ಬರುವವರೆಗೆ ಬೀದಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಳಿಯ ಹೂಗುಚ್ಛ ಕೊಡಲೇ ಇಲ್ಲ, ಎದೆಗೆ ಒತ್ತಿ ಹಿಡಿದು ನಿಂತುಬಿಟ್ಟ.

ಆಮೇಲೆ ಸಂಘದವರೆಲ್ಲ ವಾರಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದರು. ಟೈರ್ ಅಂಗಡಿಯವನ ಪ್ರಕಾರ ಸಮ್ಮಟಿ ಬಾಗಿಲಿನಲ್ಲಿ ಹಿಡಿಸದಷ್ಟು ಎತ್ತರ. ಕ್ಷೌರಿಕನ ಪ್ರಕಾರ ಅವನು ನಮ್ಮ ನಿಮ್ಮಷ್ಟೇ, ಆದರೆ ಅವನು ಹಾದುಹೋದಾಗ ಚಳಿ ಬಂತು. ಎತ್ತರದ ವಿಷಯದಲ್ಲಿ ಇಬ್ಬರೂ ಜಗಳಕ್ಕೇ ಬಿದ್ದರು. ಒಂದು ಮಾತಿನಲ್ಲಿ ಮಾತ್ರ ಹನ್ನೊಂದು ಜನರೂ ಒಂದೇ. "ಅವನು ನನ್ನನ್ನೇ ನೋಡಿದ. ಬೇರೆ ಯಾರನ್ನೂ ನೋಡ್ಲಿಲ್ಲ, ನನ್ನನ್ನೇ."

ಕಾರಿನಿಂದ ಬಾಗಿಲಿನ ತನಕ ಅವನು ನೆಲದಿಂದ ಕಣ್ಣೆತ್ತಿರಲಿಲ್ಲ. ಹಲ್ಲಕ್ಕ ಕಣ್ಣಾರೆ ಕಂಡಿದ್ದಳು.

ಅವನು ಕುರ್ಚಿಯಲ್ಲಿ ಒರಗಿದ. ಡಾಕ್ಟರು ಅಚ್ಚಿನ ಟ್ರೇ ಕೈಗೆತ್ತಿಕೊಂಡು, ಹಾಗೆಯೇ ಕೆಳಗಿಟ್ಟರು. "ಹಲ್ಲಕ್ಕ, ನನ್ನ ಕೈಲಿ ಆಗಲ್ಲ" ಎಂದು ಪಿಸುಗುಟ್ಟಿದರು. "ನೀವೇ ತೆಗೀರಿ."

ಹಲ್ಲಕ್ಕ ಪೇಸ್ಟು ಕಲಸಿ ಟ್ರೇಯಲ್ಲಿ ತುಂಬಿ ಅವನ ಬಾಯಿಗಿಟ್ಟು ಹಿಡಿದಳು. ಗಟ್ಟಿಯಾಗಲು ಮೂರು ನಿಮಿಷ. ಎಂಥ ಗಟ್ಟಿ ಗಂಡಸಾದರೂ ಆ ಮೂರು ನಿಮಿಷದಲ್ಲಿ ಓಕರಿಸುತ್ತಾನೆ, ಕಾಲು ಬಡಿಯುತ್ತಾನೆ. ಇವನು ರೆಪ್ಪೆ ಕೂಡ ಮಿಟುಕಿಸಲಿಲ್ಲ. ಕೆಳದವಡೆಯದನ್ನೂ ಹಾಗೆಯೇ ತೆಗೆದಳು. ಬಾಯಿ ಮುಕ್ಕಳಿಸಿ ಒರೆಸಿಕೊಂಡ ಮೇಲೆ ಅವನು ಮಾತಾಡಿದ. ಕಾಯಿಲೆಯವರು ಮಲಗಿರುವ ಕೋಣೆಯಲ್ಲಿ ಮಾತಾಡುವಂಥ ಮೆಲುದನಿ.

"ನನ್ನ ಮೊದಲ ಸಲ ನೋಡಿದಾಗ ನಿಮಗೆ ಏನನ್ನಿಸ್ತು? ಎಲ್ಲಾ ಊರಲ್ಲೂ ಕೇಳ್ತೀನಿ. ಎಲ್ಲರೂ ಭಯ ಆಯ್ತು ಅಂತಾರೆ."

ಹಲ್ಲಕ್ಕ ಕೈಯಲ್ಲಿದ್ದ ಅಚ್ಚನ್ನು ಬೆಳಕಿಗೆ ಹಿಡಿದಳು. "ನಾನು ಹಲ್ಲು ನೋಡಿದ್ದಪ್ಪ. ದವಡೆ ಹಲ್ಲೆಲ್ಲ ಸವೆದು ಚಪ್ಪಟೆ ಆಗಿದೆ, ಎಂಬತ್ತು ವರ್ಷದವರ ಹಲ್ಲಿನ ಹಾಗೆ. ನಿದ್ದೇಲಿ ಕಡೀತೀರಾ?"

"ನಾನಲ್ಲ" ಎಂದ. "ನಾನು ಮಲಗಿರ್ತೀನಿ. ಅದು ಕಡಿಯುತ್ತೆ" ಎಂದ.

ಡಾಕ್ಟರು ಏನೋ ಹುಡುಕುವವರಂತೆ ಹೊರಗೆ ಹೋಗಿಬಿಟ್ಟರು.

ಸಮ್ಮಟಿ ಎದ್ದು ನಿಂತ. "ಗಾರ್ಡ್ ಆದ ಮೇಲೆ ಪ್ಲಾಸ್ಟರ್ ಒಡೆದುಬಿಡಿ ಅಮ್ಮ. ಒಂದೂ ಉಳೀಬಾರದು. ದಯವಿಟ್ಟು."

"ಒಡೀತೀನಿ" ಎಂದಳು ಹಲ್ಲಕ್ಕ.

ಅವಳು ಒಡೆಯಲಿಲ್ಲ. ಮರುದಿನ ಗಾರ್ಡು ತೆಗೆದುಕೊಂಡು ಹೋಗಲು ಬಂದ ಸಮ್ಮಟಿಯ ಸಹಾಯಕನಿಗೆ, ಒಡೆದಾಯಿತು ಎಂದು ಸುಳ್ಳು ಹೇಳಿದಳು. ಹಿಂದಿನ ಸಂಜೆಯಷ್ಟೇ ಅಳಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ಇಷ್ಟು ವರ್ಷದಲ್ಲಿ ನಿಮ್ಮ ಹತ್ರ ಏನೂ ಕೇಳಿಲ್ಲ" ಎಂದಿದ್ದ. ಅದು ನಿಜವೂ ಆಗಿತ್ತು.

ಹಲ್ಲಚ್ಚು ಮನೆಯಲ್ಲಿ ಟಿವಿಯ ಪಕ್ಕದ ಕಪಾಟಿನ ಮೇಲೆ ಕೂತಿತು. ಮೇಲಿನ ದವಡೆ, ಕೆಳಗಿನ ದವಡೆ, ಒಂದಕ್ಕೊಂದು ಕಚ್ಚಿಸಿ ಇಟ್ಟಿದ್ದರು. ಸಂಘದವರು ಒಬ್ಬೊಬ್ಬರಾಗಿ ಬಂದು ನೋಡಿದರು. ಗದ್ದಲ ಮಾಡುತ್ತಾ ಮೆಟ್ಟಿಲು ಹತ್ತಿದವರು ಅದರ ಮುಂದೆ ನಿಂತಾಗ ದನಿ ತಗ್ಗಿಸುತ್ತಿದ್ದರು. ಮೂರನೇ ದಿನ ಬಂದ ಕ್ಷೌರಿಕ ಎರಡು ದವಡೆ ಕೂಡುವಲ್ಲಿ ಬೆರಳು ಇಟ್ಟವನು ತಟ್ಟನೆ ಹಿಂದಕ್ಕೆಳೆದುಕೊಂಡ.

"ಬಿಸಿ ಇದೆ!"

"ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿ ಆಗುತ್ತೆ ಕಣಪ್ಪ" ಎಂದಳು ಹಲ್ಲಕ್ಕ. ಅವನು ಹೋದ ಮೇಲೆ ಅವಳಿಗೆ ಹೊಳೆಯಿತು. ಆ ಬಿಸಿ ಇರುವುದು ಹೆಚ್ಚೆಂದರೆ ಒಂದು ಗಂಟೆ.

ಐದನೇ ದಿನ ಅವಳಿಗೆ ರಜೆ. ಮಟಮಟ ಮಧ್ಯಾಹ್ನ, ಮನೆಯಲ್ಲಿ ಅವಳೊಬ್ಬಳೇ. ಈರುಳ್ಳಿ ಹೆಚ್ಚುತ್ತಿದ್ದಾಗ ಮುಂದಿನ ಕೋಣೆಯಿಂದ ಕರ್ ಕರ್ ಎಂದು ಸದ್ದು ಬಂತು. ಇಲಿ ಎಂದುಕೊಂಡಳು. ಚಾಕು ಕೆಳಗಿಟ್ಟು ಕಿವಿಗೊಟ್ಟಳು. ಇಲಿ ಬಿಟ್ಟು ಬಿಟ್ಟು ಕಡಿಯುತ್ತದೆ. ಇದು ನಿಧಾನವಾಗಿ, ಒಂದೇ ಸಮನೆ, ಅತ್ತಿಂದಿತ್ತ. ಗಂಡನೂ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ. ಆ ಸದ್ದಿನ ಪಕ್ಕದಲ್ಲೇ ಅವಳು ಇಪ್ಪತ್ತು ವರ್ಷ ಮಲಗಿದ್ದಳು. ಅವಳು ಬೇರೇನೋ ಎಂದು ತಪ್ಪು ತಿಳಿಯುವ ಸದ್ದಲ್ಲ ಅದು.

ಹೋಗಿ ನೋಡಿದಳು. ಕೋಣೆ ತುಂಬ ಬಿಸಿಲು. ಹಲ್ಲಚ್ಚು ಸುಮ್ಮನಿತ್ತು. ಆದರೆ ಎರಡು ದವಡೆಗಳ ನಡುವೆ ಒಂದು ಬೆರಳಿನಷ್ಟು ಸಂದು, ಕೆಳಗೆ ಕಪಾಟಿನ ಮೇಲೆ ಬಿಳಿ ಹುಡಿ. ಹೆದರಿಕೆಯಲ್ಲೂ ಅವಳ ಕೈ ತನ್ನ ಕೆಲಸ ಮರೆಯಲಿಲ್ಲ. ಚೀಲದಿಂದ ಅಳತೆಯ ಇಕ್ಕಳ ತೆಗೆದು ದವಡೆ ಹಲ್ಲಿನ ಎತ್ತರ ಅಳೆದಳು. ಗಾರ್ಡು ಮಾಡಿದ ದಿನ ಬರೆದಿಟ್ಟದ್ದಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆ.

ಆ ಸಂಜೆ ಮಗಳು ಬಟ್ಟೆ ಮಡಚುತ್ತಾ, "ಅಮ್ಮ, ಇವರಿಗೆ ಏನಾಗಿದೆ? ಮದುವೆಯಾಗಿ ಒಂಬತ್ತು ವರ್ಷ ಆಯ್ತು, ಯಾವತ್ತೂ ಇಲ್ಲದ್ದು, ಈಗ ನಿದ್ದೇಲಿ ಕರಕರ ಅಂತ ಹಲ್ಲು ಕಡೀತಾರೆ. ಅಪ್ಪನ ಹಾಗೇ" ಎಂದಳು.

ಮರುದಿನ ಕ್ಷೌರಿಕ ದವಡೆ ನೋವೆಂದು ಕ್ಲಿನಿಕ್ಕಿಗೆ ಬಂದ. ಅದರ ಮರುದಿನ ಟೈರ್ ಅಂಗಡಿಯವನು. ಶನಿವಾರದ ಹೊತ್ತಿಗೆ ಸಂಘದ ಏಳು ಜನಕ್ಕೆ ಅದೇ ನೋವು. ಡಾಕ್ಟರು ಒಬ್ಬೊಬ್ಬರ ಬಾಯಿಗೂ ಲೈಟು ಬಿಟ್ಟು, "ಏನ್ರೀ ಇದು, ಎಲ್ಲರೂ ಒಟ್ಟಿಗೆ ಕಲ್ಲು ತಿಂದ್ರಾ?" ಎಂದು ನಕ್ಕರು. ಹಲ್ಲಕ್ಕನಿಗೆ ನಗು ಬರಲಿಲ್ಲ.

ಅಂದು ಮಧ್ಯಾಹ್ನ ಅವಳು ಅಳಿಯನನ್ನು ಕೇಳದೆ ಹಲ್ಲಚ್ಚನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಒಯ್ದಳು. ಆ ಅಚ್ಚಿನ ಅಳತೆಗೆ, ಮಲಗುವಾಗ ಹಾಕಿಕೊಳ್ಳುವ ಮೆತ್ತನೆಯ ಗಾರ್ಡೊಂದನ್ನು ಮಾಡಿದಳು. ಎರಡನ್ನೂ ತೆಗೆದುಕೊಂಡು ಸಮ್ಮಟಿ ಇಳಿದಿದ್ದ ಹೋಟೆಲಿಗೆ ಹೋದಳು. ಸಹಾಯಕ ಅವಳನ್ನು ಗುರುತು ಹಿಡಿದು ಒಳಗೆ ಬಿಟ್ಟ.

ಸಮ್ಮಟಿ ಕಿಟಕಿಯ ಹತ್ತಿರ ಕೂತಿದ್ದ. ಅವನ ಮುಖ ಎಷ್ಟು ಬದಲಾಗಿತ್ತೆಂದರೆ ಅವಳಿಗೆ ಕ್ಷಣಕಾಲ ಬೇರೆ ಯಾರೋ ಅನ್ನಿಸಿತು. ಕಣ್ಣ ಕೆಳಗಿನ ಕಪ್ಪು ಹೋಗಿತ್ತು, ಕೆನ್ನೆ ಸಡಿಲವಾಗಿತ್ತು.

"ನಾನು ಸುಳ್ಳು ಹೇಳಿದೆ. ಒಡೆದಿರಲಿಲ್ಲ" ಎಂದು ಹಲ್ಲಕ್ಕ ಟವೆಲ್ ಬಿಚ್ಚಿದಳು.

"ಗೊತ್ತಾಯ್ತು" ಎಂದ ಅವನು. "ಐದಾರು ದಿನದಿಂದ ಒಳ್ಳೆ ನಿದ್ದೆ ಬರ್ತಿದೆ. ಹದಿನೆಂಟು ವರ್ಷದಲ್ಲಿ ಇದೇ ಮೊದಲು. ಅದು ಬೇರೆ ಎಲ್ಲೋ ಇದೆ ಅಂತ ಆಗಲೇ ತಿಳೀತು." ಆಮೇಲೆ ಕೇಳಿದ, "ಈಗ ಯಾರಿಗೆ ಅಂಟಿದೆ?"

"ನನ್ನ ಅಳಿಯನಿಗೆ. ಅವನ ಗೆಳೆಯರಿಗೆ. ಎಲ್ಲಾ ನಿಮ್ಮ ಅಭಿಮಾನಿಗಳು."

ಅವನು ಹಲ್ಲಚ್ಚನ್ನು ಕೈಗೆತ್ತಿಕೊಂಡ. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಅದನ್ನು ಮರಳಿ ತನ್ನ ಕೈಗೇ ಕೊಟ್ಟುಬಿಡುತ್ತಾನೆ, ಇಟ್ಟುಕೊಳ್ಳಿ ಎನ್ನುತ್ತಾನೆ ಎಂದು ಹಲ್ಲಕ್ಕ ಹೆದರಿದಳು. ಹಾಗೆ ಅಂದರೆ ಬೇಡವೆನ್ನುವ ಧೈರ್ಯ ತನಗಿಲ್ಲವೆಂದೂ ಅವಳಿಗೆ ಗೊತ್ತಿತ್ತು. ಅವನು ಅಂಗೈ ಮುಚ್ಚಿದ. ಒಣ ಬ್ರೆಡ್ಡು ಮುರಿದಷ್ಟೇ ಸದ್ದು. ಬೆರಳ ಸಂದಿಯಿಂದ ಪ್ಲಾಸ್ಟರ್ ಪುಡಿ ಉದುರಿತು. ಅದನ್ನು ಬಳಿದು ಬಚ್ಚಲ ಬಕೆಟ್ಟಿನ ನೀರಿಗೆ ಹಾಕಿ ಕಲಕಿದ. ಹಿಂದಿರುಗಿ ಬರುವಷ್ಟರಲ್ಲಿ ಅವನ ಕೆನ್ನೆಯ ನರ ಮತ್ತೆ ಬಿಗಿದಿತ್ತು.

"ಹೋಗಿ ಬನ್ನಿ ಅಮ್ಮ" ಎಂದ. ಅವಳು ಮೆತ್ತನೆಯ ಗಾರ್ಡನ್ನು ಮೇಜಿನ ಮೇಲಿಟ್ಟು ಬಂದಳು.

ಪಂದ್ಯ ಮೊದಲ ಸುತ್ತಿನಲ್ಲೇ ಮುಗಿಯಿತು. ಎದುರಾಳಿ ಏಳಲು ಆರು ನಿಮಿಷ ಬೇಕಾಯಿತು. ಹನ್ನೊಂದು ಜನರೂ ಅಲ್ಲಿದ್ದರು, ಯಾರೂ ಚಪ್ಪಾಳೆ ತಟ್ಟಲಿಲ್ಲವಂತೆ. ಅಳಿಯನಿಗೆ ಅಚ್ಚು ಹೋದ ಸಿಟ್ಟು ಎರಡು ವಾರ ಇತ್ತು. ಆಮೇಲೆ ಒಂದು ಬೆಳಿಗ್ಗೆ, "ನಿದ್ದೆ ಚೆನ್ನಾಗಿ ಬರ್ತಿದೆ ಅತ್ತೆ" ಎಂದಷ್ಟೇ ಹೇಳಿ ಬಸ್ಸಿಗೆ ಹೋದ. ಗೋಡೆಯ ಚಿತ್ರಗಳನ್ನು ಅವನೇ ಕೆಳಗಿಳಿಸಿದ.

ತಿಂಗಳ ನಂತರ ಕ್ಲಿನಿಕ್ಕಿಗೆ ಒಂದು ಸಣ್ಣ ಪಾರ್ಸಲ್ ಬಂತು. ಒಳಗೆ ಅವಳು ಮಾಡಿಕೊಟ್ಟ ಗಾರ್ಡು, ದವಡೆಯ ಕಡೆ ತೂತು ಬೀಳುವಂತೆ ಕಡಿದದ್ದು. ಜೊತೆಗೆ ಸಹಾಯಕನ ಚೀಟಿ: ಇದು ಒಂಬತ್ತು ದಿನ ಬಂತು, ಇನ್ನೂ ದಪ್ಪಗಿನದು ಆಗುತ್ತದೆಯೇ? ಹಲ್ಲಕ್ಕ ಆ ಗಾರ್ಡಿನೊಳಗೇ ಪ್ಲಾಸ್ಟರ್ ಹೊಯ್ದು ಹೊಸ ಅಚ್ಚು ತೆಗೆದಳು, ದಪ್ಪಗಿನ ಗಾರ್ಡೊಂದನ್ನು ಮಾಡಿದಳು, ಕುರ್ಚಿಯಿಂದ ಏಳುವ ಮೊದಲೇ ಅಚ್ಚನ್ನು ಸುತ್ತಿಗೆಯಿಂದ ಒಡೆದು ನೀರಿಗೆ ಹಾಕಿದಳು. ಎರಡು ತಿಂಗಳಿಗೊಮ್ಮೆ ಪಾರ್ಸಲ್ ಬರುತ್ತಲೇ ಇತ್ತು. ಅದು ಬಂದ ದಿನ ಅವಳು ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಡಾಕ್ಟರೂ ಬಾಗಿಲು ತಟ್ಟುತ್ತಿರಲಿಲ್ಲ.