ಸೈರನ್ ನುಂಗಿದ ಮಾತು

ನನಗೆ ಮಾತು ನೆನಪಿರಲ್ಲ, ಮಾತಿನ ಸದ್ದು ನೆನಪಿರುತ್ತೆ. ವಯಸ್ಸಿನ ಕಾಯಿಲೆ ಅಂದ್ಕೋಬೇಡಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಏಳರ ಮಗ್ಗಿಯ ರಾಗ ಇವತ್ತಿಗೂ ಬಾಯಲ್ಲಿದೆ, ಲೆಕ್ಕ ಮಾತ್ರ ಆವತ್ತೇ ಹೋಯ್ತು. ಮೊನ್ನೆ ಶಿವಮೊಗ್ಗದಲ್ಲಿ ಡಾಕ್ಟರು ಉದ್ದಕ್ಕೆ ಪಥ್ಯ ಹೇಳಿದರು. ಮನೆಗೆ ಬರುವಷ್ಟರಲ್ಲಿ ಉಳಿದದ್ದು ಅವರು ಪೆನ್ನನ್ನು ಟಿಕ್ ಟಿಕ್ ಅನ್ನಿಸುತ್ತಿದ್ದ ಸದ್ದು. ಬಿಡಬೇಕಾದ್ದು ಅನ್ನವೋ ಬೆಲ್ಲವೋ ಗೊತ್ತಾಗದೆ ಎರಡನ್ನೂ ತಿಂದೆ.

ಇದರಿಂದ ಯಾರಿಗೂ ನಷ್ಟವಿಲ್ಲ, ಮಗಳು ಗಿರಿಜೆಯನ್ನು ಬಿಟ್ಟು. ಅವಳಿನ್ನೂ ಮಗುವಾಗಿದ್ದಾಗ ಅವಳಪ್ಪ ಕೆಲಸಕ್ಕೆ ಹೋದವರು ಎದೆನೋವು ಬಂದು ಅಲ್ಲೇ ತೀರಿಕೊಂಡರು. ಆಗ ನಾವು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ಅವರು ಕೆಲಸಕ್ಕಿದ್ದ ಕಾಗದದ ಕಾರ್ಖಾನೆಯ ಸೈರನ್ನೇ ನಮ್ಮ ಗಡಿಯಾರ. ಒಂದು ಸೈರನ್ನಿಗೆ ಒಲೆ ಹಚ್ಚು, ಇನ್ನೊಂದಕ್ಕೆ ಡಬ್ಬಿ ಕಟ್ಟು. ಅವತ್ತೂ ಸೈರನ್ ಕೂಗುವಾಗಲೇ ಅವರು ಬಾಗಿಲಲ್ಲಿ ನಿಂತು ಏನೋ ಅಂದರು. ಒಲೆ ಮೇಲೆ ಸಾಸಿವೆ ಸಿಡಿಯುತ್ತಿತ್ತು. ಅವರ ತಲೆಯ ಕೊಬ್ಬರಿ ಎಣ್ಣೆ ವಾಸನೆ, ಸೈಕಲ್ ಸ್ಟ್ಯಾಂಡ್ ಒದ್ದ ಸದ್ದು, ಎಲ್ಲಾ ಇದೆ. ಮಾತಿಲ್ಲ.

ಪ್ರತಿ ವರ್ಷ ತಿಥಿಯ ದಿನ ಗಿರಿಜೆ ಕೇಳುತ್ತಾಳೆ, "ಅಪ್ಪ ಕೊನೆಗೆ ಏನಂದ್ರಮ್ಮ?" ಅವಳಿಗೆ ಅಪ್ಪನದು ಅಂತ ಬೇರೇನೂ ನೆನಪಿಲ್ಲ. ಈ ಸಲ ನನ್ನ ನಾದಿನಿ ವಡೆ ತಟ್ಟುತ್ತಾ, "ಮಗಳನ್ನ ಚೆನ್ನಾಗಿ ಓದಿಸು ಅಂದ್ರಂತೆ ಕಣೇ" ಅಂದಳು.

"ನೀನೆಲ್ಲಿದ್ದೆ ಆಗ?" ಅಂದೆ.

"ಆಯನೂರಲ್ಲಿ."

"ಮಾರು ದೂರದಲ್ಲಿದ್ದ ನಂಗೇ ಕೇಳಿಸಲಿಲ್ಲ, ನಿಂಗೆ ಆಯನೂರಿಗೆ ಕೇಳಿಸ್ತೇನು ಮಾರಾಯ್ತಿ?"

"ಹುಡುಗಿಗೆ ಸಮಾಧಾನ ಆಗ್ಲಿ ಅಂತ ಅಂದೆ ಅತ್ತಿಗೆ."

ಸಮಾಧಾನ ಆಗಲಿಲ್ಲ. ಗಿರಿಜೆಯ ಮುಖ ಬಾಡಿತು. ನಾನು ಪಲ್ಯದ ಒಗ್ಗರಣೆಗೆ ಸಾಸಿವೆ ಹಾಕಿದೆ. ಅದು ಸಿಡಿದದ್ದೇ ತಡ, ಅವರ ದನಿ ಬಂತು, ಮಗ್ಗಿಯ ಹಾಗೆ ಬರೀ ರಾಗ. ಕೊನೆಯಲ್ಲಿ ಮೇಲಕ್ಕೆ ಹೋಗಿ ನಿಂತಿತ್ತು.

"ಗಿರಿಜಾ, ಅವರು ಏನೂ ಹೇಳಲಿಲ್ಲ ಕಣೇ. ಕೇಳಿದ್ರು."

"ಏನ್ ಕೇಳಿದ್ರು?"

"ಯಾರಿಗ್ಗೊತ್ತು. ಸಂಜೆ ಬದನೆಕಾಯಿ ತರ್ಲಾ ಅಂತಾನೇ ಇದ್ದೀತು."

"ನೀನೇನಂದೆ?"

"ಹೂಂ ಅಂದೆ."

"ಕೇಳಿಸ್ಕೊಳ್ದೇನೇ?"

"ಕೇಳಿಸ್ಕೊಂಡು ಹೂಂ ಅನ್ನೋ ಹೆಂಡ್ತಿ ಎಲ್ಲಾದ್ರೂ ಇದ್ರೆ ಕರ್ಕೊಂಡ್ ಬಾ."

ಅವಳು ನಕ್ಕಳು. ಆಮೇಲೆ, "ಹಾಗಾದ್ರೆ ಅಪ್ಪ ಒಪ್ಪಿಗೆ ತಗೊಂಡೇ ಹೋದ್ರು" ಅಂದಳು.

ಯಾವುದಕ್ಕೆ ಒಪ್ಪಿಗೆ ಅಂತ ನಾವಿಬ್ಬರೂ ಕೆದಕಲಿಲ್ಲ. ಮಾರನೇ ದಿನ ಅವಳೇ ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿ ತಂದಳು.