ಒಂದು ಮುಷ್ಟಿ ಹೆಚ್ಚು ಉದ್ದು

ಮೊನ್ನೆ ಮಧ್ಯಾಹ್ನ ಸಾನಪಾಡಾದ ನಮ್ಮ ಅಡುಗೆಮನೆಯಲ್ಲಿ ಮರುದಿನದ ಇಡ್ಲಿಗೆಂದು ಉದ್ದು ತೊಳೆಯುತ್ತಿದ್ದೆ. ಹೊರಗೆ ಟಿವಿಯಲ್ಲಿ ಕ್ಷಿಪಣಿಯೊಂದು ಹೊಗೆ ಬಿಡುತ್ತ ಮೇಲೇರುತ್ತಿತ್ತು. ಒದ್ದೆ ಉದ್ದಿನ ವಾಸನೆಯೂ ಆ ಸುದ್ದಿಯೂ ಒಟ್ಟಿಗೆ ಬಂದರೆ ನನಗೆ ನೆನಪಾಗುವುದು ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದ ಅಪ್ಪ. ನಿಮಗೆ ನಗು ಬರಬಹುದು; ಬರಲಿ.

ವರ್ಷಗಳ ಹಿಂದಿನ ಮಾತು; ಆಗಷ್ಟೇ ನನಗೆ ನಿಶ್ಚಿತಾರ್ಥವಾಗಿತ್ತು. ಹುಡುಗ ಸೈನ್ಯದಲ್ಲಿದ್ದರು. ಹೋಟೆಲಿನವರ ಮಗಳಿಗೆ ಹೋಟೆಲಿನವರ ಮಗನನ್ನೇ ಹುಡುಕುವ ನಮ್ಮ ಉಡುಪಿ ಕಡೆಯವರಿಗೆ ಅದೇ ದೊಡ್ಡ ಸುದ್ದಿ. ಮದುವೆಗೆ ಹಾಲ್ ಗೊತ್ತುಮಾಡುವ ಮೊದಲೇ ಎರಡೂ ದೇಶಗಳ ಸೇನೆಗಳು ಗಡಿಗೆ ಬಂದು ನಿಂತವು. ರಾಯಭಾರಿ ವಾಪಸು, ಅತ್ತಿತ್ತಲ ರೈಲು ಬಂದ್. ಒಬ್ಬರು ಪರೀಕ್ಷೆಗೆಂದು ಕ್ಷಿಪಣಿ ಹಾರಿಸಿದರೆ ಇನ್ನೊಬ್ಬರೂ ಹಾರಿಸುವುದು. ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಹೆಂಗಸರು ಬಟಾಣಿ ಸುಲಿಯುತ್ತ, ನಮ್ಮದೇ ಹೆಚ್ಚು ದೂರ ಹೋಗುತ್ತದಂತೆ ಎಂದು ಹೆಮ್ಮೆಪಡುತ್ತಿದ್ದರು. ಅದು ಎಷ್ಟು ದೂರ ಹೋದರೂ ರಾಜಸ್ಥಾನದ ಮರಳಲ್ಲಿ ನಿಂತ ಒಬ್ಬರ ತಲೆಯ ಮೇಲಿಂದಲೇ ಹೋಗುತ್ತದೆಂದು ನನಗೆ ಭಯ.

ಅಂಥದರಲ್ಲಿ ಅವರಿಗೆ ರಜೆ ಸಿಕ್ಕಿತು. ಇಂಥ ದಿನ ಬೆಳಿಗ್ಗೆ ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿಯುತ್ತೇನೆಂದು ಫೋನು ಮಾಡಿದರು. ಅಪ್ಪನಿಗೆ ಅಷ್ಟೇ ಸಾಕು. ಅಳಿಯ ಬರುವ ದಿನ ಇಡೀ ಬಿಲ್ಡಿಂಗಿಗೆ ತಿಂಡಿ ಎಂದು ಹಿಂದಿನ ದಿನವೇ ಹೋಟೆಲಿನ ದೊಡ್ಡ ಪಾತ್ರೆಗಳಲ್ಲಿ ಹಿಟ್ಟು ರುಬ್ಬಿಸಿಟ್ಟರು. ಬೆಳಿಗ್ಗೆ ಹಿಟ್ಟು ಉಬ್ಬಿ ಮುಚ್ಚಳ ಎತ್ತುತ್ತಿತ್ತು. ಆಗ ಬಂತು ಇನ್ನೊಂದು ಫೋನು. ಗಡಿಯಾಚೆ ಮತ್ತೊಂದು ಕ್ಷಿಪಣಿ ಪರೀಕ್ಷೆ ನಡೆದು, ಹೊರಡುವ ಮೊದಲೇ ರಜೆ ರದ್ದಾಗಿತ್ತಂತೆ. ಲೈನ್ ಸಿಕ್ಕಿದ್ದು ಈಗ.

ನಾನು ಮೂಲೆ ಹಿಡಿದು ಕೂತೆ.

"ಎಂತ ಮಾರಾಯ್ತಿ, ನೀನು ಅತ್ರೆ ಉಬ್ಬಿದ ಹಿಟ್ಟು ಕಾಯ್ತದಾ?" ಎಂದು ಅಪ್ಪ ಇಡ್ಲಿ ಬೇಯಿಸಿ, ತಟ್ಟೆ ಹಿಡಿದು ಮನೆಮನೆಗೆ ಹೊರಟರು.

"ಕಾಯ್ ವಿಶೇಷ್, ಅಣ್ಣಾ?" ಏನು ವಿಶೇಷವೆಂದು ಕೇಳಿದರು ಎದುರುಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕು.

"ಜಾವಯೀ ಯೇಣಾರ್!" ಅಳಿಯ ಬರುತ್ತಾನೆ.

ಯಾವಾಗ ಎಂದು ಕೇಳಿದ್ದಕ್ಕೂ ಅಪ್ಪನದು ಬರುತ್ತಾನೆ ಎಂಬ ಅದೇ ಉತ್ತರ. "ಯೇಣಾರ್!"

ಅಂದಿನಿಂದ ಮನೆಯಲ್ಲಿ ಉದ್ದು ನೆನೆಹಾಕುವಾಗಲೆಲ್ಲ ಅಪ್ಪ ಅಳಿಯನ ಪಾಲೆಂದು ಒಂದು ಮುಷ್ಟಿ ಹೆಚ್ಚು ಹಾಕತೊಡಗಿದರು. ನನಗೆ ಸಿಟ್ಟು ಬರುತ್ತಿತ್ತು. ಬಾರದವರ ಪಾಲಿನ ಇಡ್ಲಿಯನ್ನು ಸಿಟ್ಟಿನಲ್ಲೇ ತಿಂದೂ ತಿಂದೂ ಮದುವೆಗೆ ಹೊಲಿಸಿದ ರವಿಕೆ ಬಿಗಿಯಾಯಿತು. ಹಾಗೆಯೇ ಮಳೆಗಾಲ ಕಳೆಯಿತು, ದೀಪಾವಳಿಯೂ ಹೋಯಿತು.

ಕೊನೆಗೊಮ್ಮೆ ಸೇನೆಗಳು ಹಿಂದೆ ಸರಿದವು. ಒಂದು ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆರೆದರೆ ಟ್ರಂಕು ಹಿಡಿದು ಅವರೇ! ಕರ್ರಗಾಗಿ, ಕಡ್ಡಿಯಾಗಿ ಹೋಗಿದ್ದರು. ಹೇಳದೆ ಕೇಳದೆ ಬಂದ ಸಂಕೋಚಕ್ಕೆ, "ತಿಂಡಿಗೆಲ್ಲ ತೊಂದರೆ ತಗೊಳ್ಬೇಡಿ" ಎಂದರು.

ಒಳಗಿನಿಂದ ಅಪ್ಪನ ದನಿ. "ಎಂತ ತೊಂದರೆ? ನಿಮ್ದು ಉಂಟು."

ಆಗ ನಾನು ಅತ್ತಷ್ಟು ಯಾವ ಫೋನಿಗೂ ಅತ್ತಿರಲಿಲ್ಲ.

ಈಗ ಅಪ್ಪ ಇಲ್ಲ. ನಾನು ಕಪ್ಪಿನಲ್ಲಿ ಅಳೆದು ಮನೆಮಂದಿಗೆ ಎಷ್ಟು ಬೇಕೋ ಅಷ್ಟೇ ನೆನೆಹಾಕುವವಳು. ಮೊನ್ನೆ ಟಿವಿಯ ಮುಂದಿನಿಂದ ಎದ್ದು ಬಂದ ಮಗಳು, "ಮಮ್ಮಾ, ವಾರ್ ಹೋಗಾ ಕ್ಯಾ?" ಯುದ್ಧ ಆಗುತ್ತದಾ ಎಂದು ತನ್ನ ಹಿಂದಿಯಲ್ಲಿ ಕೇಳಿದಳು. ಗಡಿಯಲ್ಲಿ ಈಗ ಯಾರ ಮನೆಯ ಹುಡುಗ ನಿಂತಿದ್ದಾನೋ, ಆಚೆಗೂ ಯಾರ ಮನೆಯವನೋ ಎಂದುಕೊಂಡೆ. ಡಬ್ಬಿಗೆ ಕೈ ಹಾಕಿ ಇನ್ನೊಂದು ಮುಷ್ಟಿ ಉದ್ದು ನೀರಿಗೆ ಸುರಿದೆ. ಅಪ್ಪನ ಮುಷ್ಟಿ ದೊಡ್ಡದು ಎಂದು ನೆನಪಾಗಿ ಮತ್ತೂ ಒಂದು ಹಾಕಿದೆ.

"ಇತನಾ? ಕೋಯಿ ಆ ರಹಾ ಹೈ ಕ್ಯಾ?" ಇಷ್ಟೊಂದಾ, ಯಾರಾದರೂ ಬರುತ್ತಾರಾ ಎಂದು ಮಗಳ ಪ್ರಶ್ನೆ.

"ಯೇಣಾರ್!" ಎಂದೆ.